ಹಣ ಬಂತು, ಸಮಯ ಬರಲಿಲ್ಲ: ಯುವ ರಕ್ತರೋಗ ಸಂಶೋಧಕಿಯೊಬ್ಬರ ಅನುದಾನದ ಪ್ರಕರಣ

ಹಿನ್ನೆಲೆ

ಇಲ್ಲಿ ವಿವರಿಸಿರುವುದು ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದ ಒಂದು ದೇಶದ ಸರ್ಕಾರಿ ಬೋಧನಾ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ, ಮಕ್ಕಳ ರಕ್ತರೋಗಗಳಲ್ಲಿ ತರಬೇತಿ ಪಡೆದ ವೈದ್ಯೆಯೊಬ್ಬರ ಪ್ರಕರಣ. ವ್ಯಕ್ತಿ, ಆಸ್ಪತ್ರೆ, ಅನುದಾನ ಕೊಟ್ಟ ಸಂಘ ಯಾವುದರ ಗುರುತೂ ಸಿಗದಂತೆ ಕೆಲವು ವಿವರಗಳನ್ನು ಕೈಬಿಡಲಾಗಿದೆ, ಕೆಲವನ್ನು ಬದಲಿಸಲಾಗಿದೆ. ಯಾವ ನಿರ್ಧಾರದ ನಂತರ ಯಾವುದು ನಡೆಯಿತು ಎಂಬ ಕ್ರಮವನ್ನು ಮಾತ್ರ ಇದ್ದ ಹಾಗೆಯೇ ಉಳಿಸಿಕೊಳ್ಳಲಾಗಿದೆ, ಏಕೆಂದರೆ ಈ ಪ್ರಕರಣದಲ್ಲಿ ಕಲಿಯಲು ಏನಾದರೂ ಇದ್ದರೆ ಅದು ಆ ಕ್ರಮದಲ್ಲಿಯೇ ಇದೆ.

ಆಕೆಯ ಸಂಶೋಧನೆಯ ವಿಷಯ ಸಿಕಲ್ ಸೆಲ್ ಕಾಯಿಲೆ, ಅಂದರೆ ಕೆಂಪುಕಣಗಳು ಕುಡುಗೋಲಿನಂತೆ ಬಾಗಿ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುವ ಆನುವಂಶಿಕ ರಕ್ತರೋಗ. ಈ ಕಾಯಿಲೆಯ ಮೂಲ ಹಿಮೋಗ್ಲೋಬಿನ್ ಅಣುವಿನಲ್ಲೇ ಇದೆ ಎಂದು ಲೈನಸ್ ಪೌಲಿಂಗ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿದ್ದು 1949ರಲ್ಲಿ. ಭ್ರೂಣ ಹಿಮೋಗ್ಲೋಬಿನ್ (ಹುಟ್ಟುವ ಮೊದಲು ಮಗುವಿನ ರಕ್ತದಲ್ಲಿರುವ ಬಗೆಯ ಹಿಮೋಗ್ಲೋಬಿನ್) ಪ್ರಮಾಣವನ್ನು ಏರಿಸಿ ನೋವಿನ ಬಿಕ್ಕಟ್ಟುಗಳನ್ನು ಕಡಿಮೆ ಮಾಡುವ ಹೈಡ್ರಾಕ್ಸಿಯೂರಿಯಾ ಔಷಧಿಗೆ ಅಮೆರಿಕದಲ್ಲಿ ವಯಸ್ಕರ ಚಿಕಿತ್ಸೆಗೆ ಅನುಮತಿ ದೊರೆತದ್ದು 1998ರಲ್ಲಿ. ಆದರೆ ಈ ಕಾಯಿಲೆಯೊಂದಿಗೆ ಹುಟ್ಟುವ ಮಕ್ಕಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚಿನವರು ಇರುವ ಸಹಾರಾ-ದಕ್ಷಿಣ ಆಫ್ರಿಕಾದಲ್ಲಿ, ಮಲೇರಿಯಾ ಮತ್ತು ಅಪೌಷ್ಟಿಕತೆ ಇರುವ ಮಕ್ಕಳಿಗೆ ಈ ಔಷಧಿ ಕೊಡುವುದು ಸುರಕ್ಷಿತವೇ ಎಂಬ ಸಂದೇಹ ಬಹುಕಾಲ ಹಾಗೆಯೇ ಉಳಿದಿತ್ತು. ಅಂಗೋಲಾ, ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ, ಕೀನ್ಯಾ ಮತ್ತು ಉಗಾಂಡಾದಲ್ಲಿ ನಡೆದ ರೀಚ್ ಅಧ್ಯಯನ 2019ರಲ್ಲಿ ಆ ಸಂದೇಹವನ್ನು ಬಹುಮಟ್ಟಿಗೆ ನಿವಾರಿಸಿತು. ಮರುವರ್ಷ ಪ್ರಕಟವಾದ ಉಗಾಂಡಾದ ಮತ್ತೊಂದು ಅಧ್ಯಯನ, ಒಂದೇ ಪ್ರಮಾಣದಲ್ಲಿ ಔಷಧಿ ಮುಂದುವರಿಸುವುದಕ್ಕಿಂತ ಮಗುವಿನ ದೇಹ ತಾಳುವಷ್ಟರವರೆಗೆ ಹಂತಹಂತವಾಗಿ ಏರಿಸುವುದರಿಂದ ಹೆಚ್ಚು ಪ್ರಯೋಜನವಿದೆ ಎಂದು ತೋರಿಸಿತು.

ಇಷ್ಟಾದ ಮೇಲೆ ಉಳಿದದ್ದು ವಾರ್ಡಿನಲ್ಲಿ ನಿಂತವರಿಗೆ ಮಾತ್ರ ಹೊಳೆಯುವಂಥ ಪ್ರಶ್ನೆ. ಔಷಧಿಯ ಪ್ರಮಾಣ ಏರಿಸುವಾಗಲೆಲ್ಲ ರಕ್ತಕಣಗಳ ಎಣಿಕೆ ಬೇಕು. ನ್ಯೂಟ್ರೋಫಿಲ್‌ಗಳು (ಸೋಂಕಿನ ವಿರುದ್ಧ ಹೋರಾಡುವ ಬಿಳಿಕಣಗಳು) ತೀರಾ ಇಳಿದಿದ್ದರೆ ಔಷಧಿ ನಿಲ್ಲಿಸಬೇಕು. ದೂರದ ಊರುಗಳಿಂದ ಬರುವ ಕುಟುಂಬಗಳಿಗೆ ಎಷ್ಟು ಭೇಟಿ, ಎಷ್ಟು ಪರೀಕ್ಷೆ ಸಾಕು, ಎಷ್ಟಕ್ಕಿಂತ ಕಡಿಮೆಯಾದರೆ ಅಪಾಯ ಎಂಬುದನ್ನು ಕಂಡುಕೊಳ್ಳಬೇಕೆಂಬುದು ಆಕೆಯ ಯೋಜನೆ. ಪ್ರಶ್ನೆ ಚಿಕ್ಕದು, ಖಚಿತವಾದದ್ದು, ಆಕೆಯದೇ ಆದದ್ದು. ಅರ್ಜಿಯ ಗಟ್ಟಿತನವೆಲ್ಲ ಅಲ್ಲಿಯೇ ಇತ್ತು.

ಅರ್ಜಿ ಮತ್ತು ಅದರ ಮೂರು ಪತ್ರಗಳು

ವೃತ್ತಿಯ ಆರಂಭದಲ್ಲಿರುವ ರಕ್ತರೋಗ ಸಂಶೋಧಕರಿಗೆ ಇಂದು ಹಲವು ಬಾಗಿಲುಗಳಿವೆ. 1958ರಲ್ಲಿ ಸ್ಥಾಪನೆಯಾದ ಅಮೆರಿಕನ್ ಸೊಸೈಟಿ ಆಫ್ ಹೆಮಟಾಲಜಿಯು ತನ್ನ ದೇಶದವರಿಗೆ ಕೊಡುವ ಪ್ರಶಸ್ತಿಗಳ ಜೊತೆಗೆ ಹೊರದೇಶಗಳ ಸಂಶೋಧಕರಿಗಾಗಿ ಜಾಗತಿಕ ಸಂಶೋಧನಾ ಪ್ರಶಸ್ತಿಯನ್ನೂ ಅಲ್ಪಾವಧಿ ತರಬೇತಿಯನ್ನೂ ನಡೆಸುತ್ತದೆ. 1992ರಲ್ಲಿ ಆರಂಭವಾದ ಯುರೋಪಿಯನ್ ಹೆಮಟಾಲಜಿ ಅಸೋಸಿಯೇಷನ್ ತನ್ನದೇ ಅನುದಾನಗಳನ್ನು ಕೊಡುತ್ತದೆ. ಪ್ರಯೋಗಾಲಯದ ಸಂಶೋಧನೆಯನ್ನು ಚಿಕಿತ್ಸೆಯತ್ತ ಒಯ್ಯುವವರಿಗಾಗಿ ಈ ಎರಡೂ ಸಂಘಗಳು ಸೇರಿ ತರಬೇತಿ ನಡೆಸಿವೆ. ರಕ್ತ ಹೆಪ್ಪುಗಟ್ಟುವಿಕೆಯ ತಜ್ಞರ ಅಂತರರಾಷ್ಟ್ರೀಯ ಸಂಘವೂ ಅಭಿವೃದ್ಧಿಶೀಲ ದೇಶಗಳ ಯುವ ವೈದ್ಯರನ್ನು ಬೇರೆ ಕೇಂದ್ರಗಳಿಗೆ ಕಳಿಸಿ ಕಲಿಸುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಾದ ಎನ್‌ಐಎಚ್‌ನ ಫೊಗಾರ್ಟಿ ಕೇಂದ್ರ 1968ರಿಂದ ಇಂಥ ಕೆಲಸದಲ್ಲಿದೆ. ಇವೆಲ್ಲವುಗಳ ಹಿಂದಿರುವ ತಿಳಿವಳಿಕೆ ಒಂದೇ: ಹಣ ಮತ್ತು ಮಾರ್ಗದರ್ಶನ ಜೊತೆಯಾಗಿ ಹೋಗಬೇಕು.

ನಮ್ಮ ಸಂಶೋಧಕಿಗೆ ಇಂಥದೇ ಒಂದು ಸಂಘದಿಂದ ಮೂರು ವರ್ಷಗಳ ಅನುದಾನ ಸಿಕ್ಕಿತು. ಅರ್ಜಿಯ ಜೊತೆ ಮೂರು ಪತ್ರಗಳಿದ್ದವು. ಮೊದಲನೆಯದು, ತರಬೇತಿಯೊಂದರಲ್ಲಿ ಪರಿಚಯವಾಗಿದ್ದ ವಿದೇಶಿ ವಿಶ್ವವಿದ್ಯಾಲಯದ ಹಿರಿಯ ಮಾರ್ಗದರ್ಶಕರದು: ದೀರ್ಘವಾದ, ವಿಷಯ ಬಲ್ಲ, ಪ್ರತಿ ತಿಂಗಳು ಆನ್‌ಲೈನ್‌ನಲ್ಲಿ ಭೇಟಿಯಾಗುವುದಾಗಿ ಮಾತು ಕೊಟ್ಟ ಪತ್ರ. ಎರಡನೆಯದು ಅದೇ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞರದು. ಮೂರನೆಯದು ಆಕೆಯ ಆಸ್ಪತ್ರೆಯ ವಿಭಾಗದ ಮುಖ್ಯಸ್ಥರದು. ಅದರಲ್ಲಿ ಆಕೆಯ ಕೆಲಸದ ಅವಧಿಯ ಅರ್ಧ ಭಾಗವನ್ನು ಸಂಶೋಧನೆಗೆ ಮೀಸಲಿಡಲಾಗುವುದು ಎಂಬ ಒಂದು ಸಾಲಿತ್ತು. ಆ ಪತ್ರದ ಕರಡನ್ನು ಆಕೆಯೇ ಬರೆದಿದ್ದರು. ಕೊನೆಯ ದಿನ, ವಾರ್ಡ್ ಸುತ್ತಿನ ನಡುವೆ, ಮುಖ್ಯಸ್ಥರು ಸಹಿ ಹಾಕಿದ್ದರು.

ಈ ಮೂರನೆಯ ಪತ್ರವನ್ನು ಅರ್ಜಿ ಪರಿಶೀಲಿಸಿದವರು ಯಾರೂ ಪ್ರಶ್ನಿಸಲಿಲ್ಲ. ಎಲ್ಲ ಅರ್ಜಿಗಳಲ್ಲೂ ಅಂಥ ಪತ್ರ ಇರುತ್ತದೆ, ಎಲ್ಲವೂ ಹೆಚ್ಚುಕಡಿಮೆ ಒಂದೇ ಧಾಟಿಯಲ್ಲಿರುತ್ತವೆ.

ಮೀಸಲು ಸಮಯ ಎಂಬ ಕಲ್ಪನೆ ಹುಟ್ಟಿದ ವ್ಯವಸ್ಥೆಯನ್ನು ಇಲ್ಲಿ ಸ್ವಲ್ಪ ನೋಡಬೇಕು. ಎನ್‌ಐಎಚ್‌ನ ಕೆ08, ಕೆ23 ಮಾದರಿಯ ವೃತ್ತಿ ಅನುದಾನಗಳಲ್ಲಿ ವೈದ್ಯರು ಸಾಮಾನ್ಯವಾಗಿ ತಮ್ಮ ಸಮಯದ ಶೇ 75ರಷ್ಟನ್ನು ಸಂಶೋಧನೆಗೆ ಕೊಡಬೇಕು. ಆದರೆ ಆ ಅನುದಾನವು ಸಂಬಳದ ಒಂದು ಭಾಗವನ್ನೂ ಭರಿಸುತ್ತದೆ, ಉಳಿದದ್ದನ್ನು ವಿಭಾಗ ಹೊಂದಿಸಿಕೊಳ್ಳುತ್ತದೆ; ಒಬ್ಬರು ವಾರ್ಡಿನಿಂದ ಹೊರಗುಳಿದರೆ ಆ ಜಾಗಕ್ಕೆ ಇನ್ನೊಬ್ಬರನ್ನು ತರಲು ಏನೋ ಒಂದು ದಾರಿ ಇರುತ್ತದೆ. ನಮ್ಮ ಪ್ರಕರಣದಲ್ಲಿ ಸಂಶೋಧಕಿಯ ಸಂಬಳ ಸರ್ಕಾರದ್ದು, ಅನುದಾನದ ನಿಯಮದಂತೆ ಅದರಿಂದ ಸಂಬಳ ಪಡೆಯುವಂತಿರಲಿಲ್ಲ, ಆಸ್ಪತ್ರೆಗೆ ಆಡಳಿತ ವೆಚ್ಚವೆಂದು ಸೇರುತ್ತಿದ್ದ ಮೊತ್ತ ತೀರಾ ಅಲ್ಪ. ಇದು ಆ ಸಂಘವೊಂದರ ದೋಷವೇನಲ್ಲ; ಎನ್‌ಐಎಚ್ ಕೂಡ ವಿದೇಶಿ ಸಂಸ್ಥೆಗಳಿಗೆ ಕೊಡುವ ಇಂಥ ಆಡಳಿತ ವೆಚ್ಚವನ್ನು, ಅಂದರೆ ಪರೋಕ್ಷ ವೆಚ್ಚವನ್ನು, ಬಹುಕಾಲದಿಂದ ಶೇ 8ಕ್ಕೆ ಮಿತಿಗೊಳಿಸಿದೆ. ಅರ್ಧ ಸಮಯದ ಮಾತು ಕಾಗದದಲ್ಲಿತ್ತು, ಅದನ್ನು ಕೊಳ್ಳುವ ಹಣ ಎಲ್ಲಿಯೂ ಇರಲಿಲ್ಲ.

ಶುಕ್ರವಾರದ ರಕ್ತ

ಮೊದಲ ವರ್ಷ ಹೊರನೋಟಕ್ಕೆ ಚೆನ್ನಾಗಿಯೇ ಸಾಗಿತು. ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕಿತು, ರಕ್ತಕಣಗಳನ್ನು ಎಣಿಸುವ ಸೆಲ್ ಕೌಂಟರ್ ಯಂತ್ರ ಬಂತು, ತಂತ್ರಜ್ಞರೊಬ್ಬರ ನೇಮಕವಾಯಿತು, ಮಕ್ಕಳ ಸೇರ್ಪಡೆ ಶುರುವಾಯಿತು. ತಿಂಗಳ ಆನ್‌ಲೈನ್ ಸಭೆಗಳು ತಪ್ಪಲಿಲ್ಲ. ಆದರೆ ಡ್ಯೂಟಿ ಪಟ್ಟಿಯಲ್ಲಿ ಆಕೆಯ ಹೆಸರು ಮೊದಲಿನಷ್ಟೇ ಸಲ ಬರುತ್ತಿತ್ತು. ಸಿಕಲ್ ಸೆಲ್ ಕ್ಲಿನಿಕ್ ಇದ್ದದ್ದು ಶುಕ್ರವಾರ ಮಧ್ಯಾಹ್ನ. ಅದು ಮುಗಿಯುವ ಹೊತ್ತಿಗೆ ತಂತ್ರಜ್ಞರ ಪಾಳಿ ಮುಗಿದಿರುತ್ತಿತ್ತು, ಸಂಶೋಧಕಿಯ ವಾರಾಂತ್ಯದ ಡ್ಯೂಟಿ ಶುರುವಾಗಿರುತ್ತಿತ್ತು. ಅಂದು ತೆಗೆದ ರಕ್ತದಲ್ಲಿ ತುರ್ತಾಗಿ ಬೇಕಾದಷ್ಟನ್ನು ಆಸ್ಪತ್ರೆಯ ಸಾಮಾನ್ಯ ಪ್ರಯೋಗಾಲಯ ನೋಡುತ್ತಿತ್ತು. ಅಧ್ಯಯನಕ್ಕೆ ಮೀಸಲಾದ ನೇರಳೆ ಮುಚ್ಚಳದ ಇಡಿಟಿಎ ಕೊಳವೆಗಳು (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ ಹಾಕಿದ ಕೊಳವೆಗಳು) ಎಷ್ಟೋ ವಾರ ಸೋಮವಾರದವರೆಗೆ ಕೋಣೆಯ ಶಾಖದಲ್ಲೇ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದವು.

ಎರಡನೆಯ ವರ್ಷದ ಆರಂಭದಲ್ಲಿ ಹಿರಿಯ ಮಾರ್ಗದರ್ಶಕರು ಅಂಕಿ-ಅಂಶಗಳಲ್ಲಿ ಕುತೂಹಲಕರವಾದದ್ದೊಂದನ್ನು ಗಮನಿಸಿದರು. ಹೈಡ್ರಾಕ್ಸಿಯೂರಿಯಾ ತೆಗೆದುಕೊಳ್ಳುವವರಲ್ಲಿ ಕೆಂಪುಕಣಗಳ ಸರಾಸರಿ ಗಾತ್ರ, ಅಂದರೆ ಎಂಸಿವಿ, ಏರುತ್ತದೆ. ಮಗು ಔಷಧಿಯನ್ನು ಸರಿಯಾಗಿ ನುಂಗುತ್ತಿದೆಯೇ ಎಂದು ತಿಳಿಯಲು ವೈದ್ಯರು ಅದನ್ನೇ ನೋಡುವುದುಂಟು. ಈ ಅಧ್ಯಯನದ ಮಕ್ಕಳ ಒಂದು ಗುಂಪಿನಲ್ಲಿ ಎಂಸಿವಿ ಚೆನ್ನಾಗಿ ಏರಿತ್ತು, ಭ್ರೂಣ ಹಿಮೋಗ್ಲೋಬಿನ್ ಮಾತ್ರ ಕದಲಿರಲಿಲ್ಲ. ಔಷಧಿ ದೇಹ ಸೇರುತ್ತಿದೆ, ಪರಿಣಾಮ ಬರುತ್ತಿಲ್ಲ ಎಂದರೆ ಆನುವಂಶಿಕ ಕಾರಣ ಇರಬಹುದಲ್ಲವೇ? ಭ್ರೂಣ ಹಿಮೋಗ್ಲೋಬಿನ್ನನ್ನು ಅಡಗಿಸಿಡುವ ಬಿಸಿಎಲ್11ಎ ಜೀನಿನ ಬಗೆಗಳು ಜನರ ನಡುವೆ ವ್ಯತ್ಯಾಸವಾಗುವುದು ಚೆನ್ನಾಗಿ ಗೊತ್ತಿರುವ ಸಂಗತಿ. ಅದೇ ಜೀನಿನ ನಿಯಂತ್ರಣ ಭಾಗವನ್ನು ಕತ್ತರಿಸುವ ಜೀನ್ ಚಿಕಿತ್ಸೆಗೆ 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿದೆ. ಈ ಮಕ್ಕಳ ಡಿಎನ್‌ಎಯನ್ನು ತಮ್ಮ ಪ್ರಯೋಗಾಲಯಕ್ಕೆ ಕಳಿಸಿದರೆ ಪೂರಕ ಅನುದಾನಕ್ಕೆ ಅರ್ಜಿ ಹಾಕಬಹುದು ಎಂದು ಮಾರ್ಗದರ್ಶಕರು ಸೂಚಿಸಿದರು. ದುರುದ್ದೇಶ ಏನೂ ಇರಲಿಲ್ಲ. ತಮ್ಮ ಮುಂದಿದ್ದ ಕೋಷ್ಟಕದಿಂದ ಯಾವ ಒಳ್ಳೆಯ ವಿಜ್ಞಾನಿಯೂ ಅದೇ ಊಹೆಗೆ ಬರುತ್ತಿದ್ದರು.

ಉತ್ತರ ಸಿಕ್ಕಿದ್ದು ತಂತ್ರಜ್ಞರ ನೋಂದಣಿ ಪುಸ್ತಕದಲ್ಲಿ. ರಕ್ತ ತೆಗೆದ ಹೊತ್ತು ಒಂದು ಕಲಂನಲ್ಲಿ, ಯಂತ್ರಕ್ಕೆ ಹಾಕಿದ ಹೊತ್ತು ಇನ್ನೊಂದರಲ್ಲಿ ಪೆನ್ನಿನಲ್ಲಿ ಬರೆದಿತ್ತು. ಕಂಪ್ಯೂಟರಿಗೆ ಏರಿಸಿದ ದತ್ತಾಂಶದಲ್ಲಿ ಮೊದಲನೆಯದು ಮಾತ್ರ ಇತ್ತು. ಪೂರಕ ಅರ್ಜಿಗಾಗಿ ಪಟ್ಟಿ ತಯಾರಿಸುವಾಗ ತಂತ್ರಜ್ಞರು ಎರಡೂ ಕಲಂಗಳನ್ನು ಸಂಶೋಧಕಿಯ ಮುಂದಿಟ್ಟು, ಈ ಗುಂಪಿನ ಮಕ್ಕಳೆಲ್ಲ ಶುಕ್ರವಾರ ತಡವಾಗಿ ಬಂದವರು ಎಂದು ತೋರಿಸಿದರು. ಇಡಿಟಿಎ ಕೊಳವೆಯಲ್ಲಿ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಕೋಣೆಯ ಶಾಖದಲ್ಲಿ ಇಟ್ಟ ರಕ್ತದ ಕೆಂಪುಕಣಗಳು ನೀರು ಹೀರಿಕೊಂಡು ಉಬ್ಬುತ್ತವೆ. ಎಂಸಿವಿಯನ್ನು ಏರಿಸಿದ್ದು ಔಷಧಿಯಲ್ಲ, ವಾರಾಂತ್ಯ. ಭ್ರೂಣ ಹಿಮೋಗ್ಲೋಬಿನ್‌ನ ಶೇಕಡಾವಾರು ಪ್ರಮಾಣ ಇಂಥ ಒಂದೆರಡು ದಿನದ ಕಾಯುವಿಕೆಯಿಂದ ಅಷ್ಟಾಗಿ ಬದಲಾಗುವುದಿಲ್ಲ. ಅದು ಹೇಳುತ್ತಿದ್ದುದು ನಿಜ. ಆ ಮಕ್ಕಳಲ್ಲಿ ಹಲವರಿಗೆ ಔಷಧಿ ಮನೆಯಲ್ಲಿ ಸರಿಯಾಗಿ ಸಿಗುತ್ತಲೇ ಇರಲಿಲ್ಲ ಎಂಬುದು ಆಮೇಲೆ ಕುಟುಂಬಗಳೊಂದಿಗೆ ಮಾತನಾಡಿದಾಗ ತಿಳಿಯಿತು.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿತ್ತು. ತಡವಾದ ರಕ್ತದಲ್ಲಿ ಯಂತ್ರ ಕೊಡುವ ಬಿಳಿಕಣಗಳ ವಿಂಗಡಣೆಯನ್ನೂ ಪೂರ್ತಿ ನಂಬುವಂತಿಲ್ಲ, ಪ್ರಮಾಣ ಏರಿಸುವ ನಿರ್ಧಾರ ನಿಂತಿರುವುದೇ ನ್ಯೂಟ್ರೋಫಿಲ್ ಎಣಿಕೆಯ ಮೇಲೆ.

ನಿರ್ಧಾರಗಳು

ಸಂಶೋಧಕಿಯ ಮುಂದೆ ಎರಡು ದಾರಿಗಳಿದ್ದವು. ಶುಕ್ರವಾರದ ಫಲಿತಾಂಶಗಳನ್ನು ಸದ್ದಿಲ್ಲದೆ ಕೈಬಿಟ್ಟು, ಉಳಿದ ಮಕ್ಕಳೊಂದಿಗೆ ಅಧ್ಯಯನ ಮುಂದುವರಿಸಿ, ಆನುವಂಶಿಕ ಯೋಜನೆಯ ಪೂರಕ ಹಣಕ್ಕೂ ಪ್ರಯತ್ನಿಸುವುದು ಒಂದು. ವೃತ್ತಿಯ ದೃಷ್ಟಿಯಿಂದ ಅದು ಆಕರ್ಷಕವಾದ ದಾರಿ: ಹೆಸರಾಂತ ಪ್ರಯೋಗಾಲಯದ ಸಹಯೋಗ, ದೊಡ್ಡ ಪತ್ರಿಕೆಯಲ್ಲಿ ಲೇಖನದ ಸಾಧ್ಯತೆ. ಇನ್ನೊಂದು, ನೈತಿಕ ಸಮಿತಿಗೆ ವರದಿ ಮಾಡಿ, ಬಾಧಿತ ಮಕ್ಕಳಲ್ಲಿ ಪ್ರಮಾಣ ಏರಿಸುವುದನ್ನು ತಡೆದು, ಅವರೆಲ್ಲರ ರಕ್ತವನ್ನು ಮತ್ತೆ ಪರೀಕ್ಷಿಸಿ, ಕಾರಣವನ್ನು ಅನುದಾನ ಸಂಘಕ್ಕೂ ತಿಳಿಸುವುದು. ಆಕೆ ಎರಡನೆಯದನ್ನು ಆರಿಸಿಕೊಂಡರು. ಮರುಪರೀಕ್ಷೆಯಲ್ಲಿ ಅಪಾಯಕ್ಕೆ ಒಳಗಾದ ಮಗು ಯಾವುದೂ ಸಿಗಲಿಲ್ಲ. ಅದು ಅದೃಷ್ಟವೇ ಹೊರತು ಯೋಜನೆಯ ಗುಣವಲ್ಲ.

ಹಿರಿಯ ಮಾರ್ಗದರ್ಶಕರ ಪ್ರತಿಕ್ರಿಯೆಯನ್ನು ಇಲ್ಲಿ ದಾಖಲಿಸುವುದು ನ್ಯಾಯ. ಪೂರಕ ಅರ್ಜಿಯ ಕರಡನ್ನು ಅವರು ಅಂದೇ ಹಿಂತೆಗೆದುಕೊಂಡರು. ಅಷ್ಟೇ ಅಲ್ಲದೆ, ತಿಂಗಳ ಸಭೆಗಳಲ್ಲಿ ವಿಜ್ಞಾನವನ್ನು ಬಿಟ್ಟು ಬೇರೇನನ್ನೂ ತಾವು ಕೇಳಿರಲಿಲ್ಲ, ವಾರದಲ್ಲಿ ಎಷ್ಟು ಹೊತ್ತು ಪ್ರಯೋಗಾಲಯದಲ್ಲಿರಲು ಆಕೆಗೆ ಸಾಧ್ಯವಾಗುತ್ತಿದೆ ಎಂಬ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ ಎಂಬುದನ್ನು ಒಪ್ಪಿಕೊಂಡರು. ಆಕೆಯೂ ಹೇಳಿಕೊಂಡಿರಲಿಲ್ಲ. ಸಾವಿರಾರು ಕಿಲೋಮೀಟರ್ ದೂರದ, ತನ್ನ ಮುಂದಿನ ಶಿಫಾರಸು ಪತ್ರ ಬರೆಯಬೇಕಾದ ಹಿರಿಯರ ಮುಂದೆ ನನಗೆ ಪುರುಸೊತ್ತಿಲ್ಲ ಎನ್ನುವುದು ಯಾರಿಗೂ ಸುಲಭವಲ್ಲ. ಮಾರ್ಗದರ್ಶನದ ಒಪ್ಪಂದಗಳನ್ನು ಬರೆಯುವವರು ಈ ಸಂಕೋಚಕ್ಕೆ ಸಾಕಷ್ಟು ಬೆಲೆ ಕೊಟ್ಟಿದ್ದನ್ನು ನಾನು ಕಂಡದ್ದು ಕಡಿಮೆ.

ಪ್ರಕರಣ ತಿರುವು ಪಡೆದದ್ದು ಮುಂದಿನ ಸಭೆಯಲ್ಲಿ. ಅಲ್ಲಿಗೆ ವಿಭಾಗದ ಮುಖ್ಯಸ್ಥರನ್ನು ಮೊದಲ ಸಲ ಕರೆಯಲಾಯಿತು. ಅವರು ಅಸಮಾಧಾನದಲ್ಲಿಯೇ ಬಂದರು, ಅದಕ್ಕೆ ಕಾರಣವೂ ಇತ್ತು. ತಮ್ಮ ವಿಭಾಗದ ಒಬ್ಬ ತಜ್ಞೆಯ ಅರ್ಧ ಸಮಯವನ್ನು ತಾವೇ ಬಿಟ್ಟುಕೊಟ್ಟಿದ್ದೀರೆಂದು ಪತ್ರ ತೋರಿಸಿದಾಗ, ಆ ಅರ್ಧವನ್ನು ತುಂಬಲು ಯಾರಿದ್ದಾರೆ ಎಂದು ತಮ್ಮನ್ನು ಯಾರೂ ಕೇಳಿರಲಿಲ್ಲ ಎಂದರು. ಸಂಜೆಯ ಹೊತ್ತು ರಕ್ತ ಏರಿಸಬೇಕಾದ ಮಗು ಬಂದರೆ ವಾರ್ಡಿನಲ್ಲಿರುವ ಕಿರಿಯ ವೈದ್ಯರಿಗೆ ಆಕೆಯನ್ನು ಕರೆಯದೆ ಬೇರೆ ದಾರಿಯಿಲ್ಲ ಎಂಬುದನ್ನು ಡ್ಯೂಟಿ ಪಟ್ಟಿ ಹಿಡಿದು ವಿವರಿಸಿದರು. ಅನುದಾನದಿಂದ ಬಂದ ಸೆಲ್ ಕೌಂಟರ್ ಮೂರು ವರ್ಷದ ನಂತರ ಕೆಟ್ಟರೆ ರಿಪೇರಿ ಯಾರ ಖರ್ಚಿನಲ್ಲಿ ಎಂದೂ ಕೇಳಿದರು. ಎಲ್ಲ ಪ್ರಶ್ನೆಗಳೂ ಸರಿಯಾದವೇ ಆಗಿದ್ದವು, ಅರ್ಜಿ ಬರೆಯುವಾಗಲೇ ಕೇಳಬೇಕಾಗಿದ್ದವು.

ಹಲವು ಸುತ್ತಿನ ಮಾತುಕತೆಯ ನಂತರ ಒಂದು ಏರ್ಪಾಡು ರೂಪುಗೊಂಡಿತು. ಪ್ರಯಾಣಕ್ಕೂ ವಿದೇಶದಲ್ಲಿ ಮಾಡಿಸಬೇಕಾಗಿದ್ದ ಪರೀಕ್ಷೆಗಳಿಗೂ ಇಟ್ಟಿದ್ದ ಹಣದ ದೊಡ್ಡ ಪಾಲನ್ನು ಅನುದಾನ ಸಂಘದ ಅನುಮತಿ ಪಡೆದು ವಾರದಲ್ಲಿ ಎರಡು ದಿನ ವಾರ್ಡ್ ನೋಡಿಕೊಳ್ಳುವ ಒಬ್ಬ ವೈದ್ಯರ ಸಂಬಳಕ್ಕೆ ವರ್ಗಾಯಿಸಲಾಯಿತು. ಸಂಶೋಧಕಿಯ ಸ್ವಂತ ಸಂಬಳಕ್ಕೆ ಹಣ ಕೊಡದ ನಿಯಮ, ಆಕೆಯ ಜಾಗದಲ್ಲಿ ನಿಲ್ಲುವವರ ಸಂಬಳವನ್ನು ನಿಷೇಧಿಸಿರಲಿಲ್ಲ. ಅದುವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೆ. ಕ್ಲಿನಿಕ್ ಬುಧವಾರ ಬೆಳಿಗ್ಗೆಗೆ ಬದಲಾಯಿತು. ಯಂತ್ರದ ವಾರ್ಷಿಕ ನಿರ್ವಹಣಾ ಒಪ್ಪಂದವನ್ನು ಆಸ್ಪತ್ರೆಯೂ ಯೋಜನೆಯೂ ಹಂಚಿಕೊಂಡವು, ಬದಲಿಗೆ ವಾರ್ಡಿನ ಮಕ್ಕಳ ಪರೀಕ್ಷೆಗೂ ಅದನ್ನು ಬಳಸಲು ಒಪ್ಪಲಾಯಿತು. ಮುಖ್ಯಸ್ಥರು ಅಧಿಕೃತವಾಗಿ ಸ್ಥಳೀಯ ಮಾರ್ಗದರ್ಶಕರಾದರು. ಮೂರು ತಿಂಗಳಿಗೊಮ್ಮೆ ನಡೆಯುವ ಸಭೆಯಲ್ಲಿ ಮೊದಲು ಡ್ಯೂಟಿ ಪಟ್ಟಿ, ಆಮೇಲೆ ದತ್ತಾಂಶ ಎಂಬ ಕ್ರಮ ಜಾರಿಗೆ ಬಂತು. ಇದರ ಜೊತೆಗೆ, ಇಂಥದೇ ಅನುದಾನವನ್ನು ಕೆಲವು ವರ್ಷಗಳ ಹಿಂದೆ ಮುಗಿಸಿದ್ದ ನೆರೆ ದೇಶದ ಸಂಶೋಧಕಿಯೊಬ್ಬರೊಂದಿಗೆ ಆಕೆಯ ಪರಿಚಯ ಮಾಡಿಸಲಾಯಿತು. ಆ ಗೆಳತಿಗೆ ಆಕೆ ಹೇಳಿಕೊಂಡ ಸಂಗತಿಗಳು ಹಿರಿಯರಿಬ್ಬರ ಕಿವಿಗೂ ಬೀಳುತ್ತಿರಲಿಲ್ಲ, ಬೀಳಬೇಕಾಗಿಯೂ ಇರಲಿಲ್ಲ.

ಏನಾಯಿತು

ಫಲಿತಾಂಶ ಮಿಶ್ರವಾಗಿತ್ತು. ಒಂದು ವರ್ಷದ ದತ್ತಾಂಶದಲ್ಲಿ ಗಣನೀಯ ಭಾಗ ಬಳಕೆಗೆ ಬರಲಿಲ್ಲ. ಹೆಚ್ಚುವರಿ ಹಣವಿಲ್ಲದೆ ಅವಧಿಯನ್ನು ಮಾತ್ರ ವಿಸ್ತರಿಸಿಕೊಂಡು ಅಧ್ಯಯನ ಮುಗಿಸಬೇಕಾಯಿತು. ಹೊರಬಂದ ಮುಖ್ಯ ಲೇಖನ ಮೂಲ ಯೋಜನೆಗಿಂತ ಚಿಕ್ಕದು. ಭೇಟಿಗಳ ಅಂತರವನ್ನು ಎಷ್ಟು ಹಿಗ್ಗಿಸಬಹುದು ಎಂಬ ಪ್ರಶ್ನೆಗೆ ಅದು ಪೂರ್ಣ ಉತ್ತರ ಕೊಡಲಿಲ್ಲ, ಮುಂದಿನ ಅಧ್ಯಯನಕ್ಕೆ ಬೇಕಾದ ತಳಪಾಯವನ್ನು ಒದಗಿಸಿತು. ತಡವಾದ ರಕ್ತದಲ್ಲಿ ಎಂಸಿವಿಯನ್ನು ಔಷಧಿ ಸೇವನೆಯ ಗುರುತಾಗಿ ಬಳಸುವ ಅಪಾಯದ ಬಗ್ಗೆ ಬರೆದ ಕಿರು ಟಿಪ್ಪಣಿಯೊಂದಕ್ಕೆ ತಂತ್ರಜ್ಞರೇ ಮೊದಲ ಲೇಖಕರಾದರು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಸಮಂಜಸವೆನಿಸಿದ ನಿರ್ಧಾರ ಅದು.

ಮುಂದಿನ ದೊಡ್ಡ ಅನುದಾನಕ್ಕೆ ಹಾಕಿದ ಅರ್ಜಿ ತಿರಸ್ಕೃತವಾಯಿತು. ಪ್ರಕಟಣೆಗಳು ಸಾಲದು ಎಂಬುದು ಪರಿಶೀಲಕರ ಆಕ್ಷೇಪ. ಮೊದಲ ಅನುದಾನಕ್ಕೂ ಎರಡನೆಯದಕ್ಕೂ ನಡುವಿನ ಈ ಕಂದಕದಲ್ಲಿಯೇ ಯುವ ಸಂಶೋಧಕರು ಹೆಚ್ಚಾಗಿ ಕ್ಷೇತ್ರ ಬಿಡುವುದು. ಅಮೆರಿಕನ್ ಸೊಸೈಟಿ ಆಫ್ ಹೆಮಟಾಲಜಿ 2012ರಲ್ಲಿ ಸೇತು ಅನುದಾನವನ್ನು ಆರಂಭಿಸಿದ್ದು ಎನ್‌ಐಎಚ್ ಅರ್ಜಿಯಲ್ಲಿ ಸ್ವಲ್ಪದರಲ್ಲಿ ತಪ್ಪಿಹೋದವರನ್ನು ಹಿಡಿದಿಟ್ಟುಕೊಳ್ಳಲು. ಬಡ ದೇಶಗಳ ಸಂಶೋಧಕರಿಗೆ ಅಂಥ ಸೇತು ಸಿಗುವುದು ಅಪರೂಪ. ನಮ್ಮ ಸಂಶೋಧಕಿ ಪ್ರಾದೇಶಿಕ ಮೂಲವೊಂದರಿಂದ ಬಂದ ಚಿಕ್ಕ ಮೊತ್ತದಲ್ಲಿ ಮಕ್ಕಳ ನೋಂದಣಿಯನ್ನು ಜೀವಂತವಾಗಿ ಇಟ್ಟುಕೊಂಡರು. ಆಕೆಯ ಬದಲಿಗೆ ವಾರ್ಡಿನಲ್ಲಿದ್ದ ವೈದ್ಯರು ಈಗ ರಕ್ತರೋಗಗಳಲ್ಲಿಯೇ ಉನ್ನತ ತರಬೇತಿಗೆ ಸೇರಿದ್ದಾರೆ. ಯಾರೂ ಯೋಜಿಸದೆ ಆದ ಲಾಭ ಇದು.

ಇದರಿಂದ ತಿಳಿಯುವುದು

ಅನುದಾನ ಸಂಘಗಳು ವಿದೇಶಿ ಮಾರ್ಗದರ್ಶಕರ ಪ್ರತಿಷ್ಠೆಯನ್ನು ಬಹಳ ಎಚ್ಚರದಿಂದ ತೂಗುತ್ತವೆ, ಸ್ಥಳೀಯ ಮುಖ್ಯಸ್ಥರ ಪತ್ರವನ್ನು ಕಡತಕ್ಕೆ ಸೇರಿಸುತ್ತವೆ. ಈ ಪ್ರಕರಣದಲ್ಲಿ ಅಧ್ಯಯನವನ್ನು ಉಳಿಸುವ ಅಥವಾ ಮುಳುಗಿಸುವ ಅಧಿಕಾರ ಇದ್ದದ್ದು ಎರಡನೆಯವರ ಕೈಯಲ್ಲಿ. ಅರ್ಜಿಯ ಜೊತೆಗೆ ಆರು ತಿಂಗಳ ಡ್ಯೂಟಿ ಪಟ್ಟಿಯನ್ನೂ, ಅರ್ಜಿದಾರರು ಬಿಟ್ಟುಹೋಗುವ ಪಾಳಿಗಳನ್ನು ಯಾರು, ಯಾರ ಖರ್ಚಿನಲ್ಲಿ ನೋಡಿಕೊಳ್ಳುತ್ತಾರೆ ಎಂಬ ಮುಖ್ಯಸ್ಥರ ಸ್ವಂತ ಬರಹವನ್ನೂ ಕೇಳುವುದು ಕಷ್ಟದ ಕೆಲಸವೇನಲ್ಲ. ಬದಲಿ ವೈದ್ಯರ ಸಂಬಳವನ್ನು ಬಜೆಟ್ಟಿನಲ್ಲಿ ಹೆಸರು ಹಿಡಿದು ಅನುಮತಿಸಿದರೆ ಅರ್ಜಿದಾರರು ಅದನ್ನು ಕೇಳಲು ಹಿಂಜರಿಯುವುದಿಲ್ಲ. ಮೂರು ವರ್ಷದ ಹಣದಲ್ಲಿ ಒಂದಿಷ್ಟು ಕಾರಕಗಳು (ಪರೀಕ್ಷೆಗೆ ಬಳಸುವ ರಾಸಾಯನಿಕಗಳು) ಕಡಿಮೆಯಾಗಬಹುದು, ನಿಜ. ಆದರೆ ಸೋಮವಾರದವರೆಗೆ ಕಾದ ರಕ್ತಕ್ಕೆ ಖರ್ಚಾದ ಕಾರಕಗಳ ಲೆಕ್ಕವನ್ನೂ ಯಾರಾದರೂ ಹಾಕಬೇಕು.

ಮಾರ್ಗದರ್ಶಕರ ಮಟ್ಟಿಗೆ ಹೇಳುವುದಾದರೆ, ಒಬ್ಬರೇ ಹಿರಿಯರು ವಿಜ್ಞಾನವನ್ನೂ ವೃತ್ತಿಯನ್ನೂ ಸಂಸ್ಥೆಯ ಒಳಗಿನ ತಿಕ್ಕಾಟವನ್ನೂ ನೋಡಿಕೊಳ್ಳಲಾರರು. ತಮ್ಮ ಪ್ರಯೋಗಾಲಯಕ್ಕೆ ಮಾದರಿಗಳು ಬರುವ ಸಾಧ್ಯತೆ ಇರುವಾಗ ಸಲಹೆ ಕೊಡುವವರು, ಸಲಹೆ ಎಷ್ಟೇ ಪ್ರಾಮಾಣಿಕವಾಗಿರಲಿ, ಫಲಾನುಭವಿಗಳೂ ಆಗಿರುತ್ತಾರೆ. ಅಂಥ ಹೊತ್ತಿನಲ್ಲಿ ನಿರ್ಧಾರಕ್ಕೆ ಇನ್ನೊಬ್ಬರ ಕಣ್ಣು ಬೇಕು. ಕೋಷ್ಟಕದಲ್ಲಿ ಅಚ್ಚರಿಯ ಸಂಗತಿಯೊಂದು ಕಂಡಾಗ ಮೊದಲು ಕೇಳಬೇಕಾದವರು ರಕ್ತವನ್ನು ಕೈಯಲ್ಲಿ ಹಿಡಿದವರು ಎಂಬುದನ್ನು ಈ ತಂಡ ಆಮೇಲೆ ನಿಯಮವಾಗಿಯೇ ಬರೆದಿಟ್ಟುಕೊಂಡಿತು.

ಈ ಏರ್ಪಾಡು ಇನ್ನೊಂದು ಕಡೆಯೂ ಹೀಗೆಯೇ ನಡೆದೀತು ಎನ್ನಲು ಬರುವುದಿಲ್ಲ. ಇಲ್ಲಿ ಮುಖ್ಯಸ್ಥರು ಸಿಟ್ಟಿನಲ್ಲಿಯೂ ಮೇಜಿಗೆ ಬಂದು ಕೂತರು. ಬಾರದೆ ಇದ್ದಿದ್ದರೆ ಅವರನ್ನು ಕರೆತರುವ ಯಾವ ಅಧಿಕಾರವೂ ಅನುದಾನ ಸಂಘಕ್ಕೆ ಇರಲಿಲ್ಲ. ಅವರ ನಿವೃತ್ತಿ ಹತ್ತಿರವಾಗಿದೆ. ಎರಡು ದಿನಗಳ ಒಪ್ಪಂದ ಇರುವುದು ಅವರ ಹೆಸರಿನಲ್ಲಿ, ವಿಭಾಗದ ಹೆಸರಿನಲ್ಲಲ್ಲ. ಬದಲಿ ವೈದ್ಯರ ಹುದ್ದೆಯನ್ನು ಕಾಯಂ ಮಾಡುವಂತೆ ಆಸ್ಪತ್ರೆ ಸಲ್ಲಿಸಿರುವ ಮನವಿ ಆರೋಗ್ಯ ಸಚಿವಾಲಯದಲ್ಲಿ ಇನ್ನೂ ತೀರ್ಮಾನವಾಗಿಲ್ಲ.